ಅರ್ಧ ಬಟಾಣಿಯಷ್ಟು ಕ್ರೀಮು

ನಾನು ನಮ್ಮತ್ತೆಯ ಫ್ಯಾನು. ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಇವಳು ಅತ್ತೆ ಪರ ಬರೀತಿದಾಳೆ ಅಂತ ಯಾರೂ ಅನ್ಬಾರ್ದು. ಪರವಾಗೇ ಬರೀತಿದೀನಿ. ಆದ್ರೆ ಇದ್ರಲ್ಲಿ ತಪ್ಪು ಮಾಡಿದ್ದೂ ಅವಳೇ, ಅದನ್ನ ಒಂದಕ್ಷರ ಮುಚ್ಚಿಡ್ದೆ ನಂಗೆ ಹೇಳಿದ್ದೂ ಅವಳೇ.

ಅತ್ತೆ ಅಂದ್ರೆ ನಮ್ಮಪ್ಪನ ತಂಗಿ. ಹದಿನಾರು ವರ್ಷದಿಂದ ಒಂದೇ ಕುರ್ಚಿಯ ಬ್ಯೂಟಿ ಪಾರ್ಲರ್ ನಡಿಸ್ತಿದಾಳೆ. ಕೆಳಗೆ ಟೈಲರಕ್ಕನ ಅಂಗಡಿ, ಮೇಲೆ ಪಾರ್ಲರು, ಮಧ್ಯೆ ಹದಿನಾಲ್ಕು ಮೆಟ್ಲು. ಕೆಳಗೆ ಮಿಷಿನ್ ಸದ್ದು ನಿಂತ್ರೆ ಸಾಕು, ಅತ್ತೆ ಮೇಲಿಂದ ಕೂಗ್ತಾಳೆ, "ಏನಕ್ಕಾ, ನಿದ್ದೆ ಬಂತಾ?" ಕೆಳಗಿಂದ ಉತ್ತರ ರೆಡಿ, "ನಿನ್ ಡ್ರೈಯರ್ ಗಾಳಿಗೆ ಗಿರಾಕಿ ಬ್ಲೌಸು ಹಾರೋಯ್ತು ಕಣೆ, ಹುಡುಕ್ತಿದೀನಿ!" ದಿನಾ ಇದೇ. ಒಡಹುಟ್ಟಿದವರೂ ಇಷ್ಟು ಹತ್ರ ಇರಲ್ಲ ಬಿಡಿ.

ಅತ್ತೆ ಕೆಲ್ಸ ಮಾಡೋದು ನೋಡ್ಬೇಕು ನೀವು! ಹೊಸ ಗಿರಾಕಿ ಯಾರೇ ಬರ್ಲಿ, ಕ್ರೀಮನ್ನ ಮೊದ್ಲು ಕಿವಿ ಹಿಂದೆ ಒಂದು ಚುಕ್ಕಿ ಹಚ್ತಾಳೆ. ಹಚ್ಚಿ ಮನೆಗೆ ಕಳಿಸ್ತಾಳೆ. ಒಂದಿನ ಪೂರ್ತಿ ಕಾದು, ಕೆಂಪಾಗ್ಲಿಲ್ಲ, ಕಡಿತ ಬರ್ಲಿಲ್ಲ ಅಂದ್ರೆ ಮಾತ್ರ ಮುಖಕ್ಕೆ. "ಇವತ್ತೇ ಮಾಡ್ಬಿಡಿ ಮೇಡಂ, ನಾಳೆ ಫಂಕ್ಷನ್ನು" ಅಂತ ಗೋಗರೆದ್ರೂ ಜಪ್ಪಯ್ಯ ಅನ್ನಲ್ಲ. "ಮುಖ ನಿಮ್ದು, ಹೆಸರು ನಂದು. ಎರಡೂ ಕೆಡೋದ್ ಬೇಡ" ಅಂತಾಳೆ.

ಇದಕ್ಕೆ ಅವಳದ್ದೇ ಒಂದು ಲೆಕ್ಕಾಚಾರ ಇತ್ತು. ದೊಡ್ಡವರ ಚರ್ಮ ಜಗಳಗಂಟಿ ಅಂತೆ. ನೂರಾರು ಕ್ರೀಮು, ಸೋಪು, ಬ್ಲೀಚು ಎಲ್ಲಾ ಕಂಡು ರೋಸಿ ಹೋಗಿರತ್ತೆ, ಯಾವುದರ ಮೇಲೆ ಯಾವಾಗ ಹರಿಹಾಯತ್ತೋ ಗೊತ್ತಾಗಲ್ಲ. ಅದಕ್ಕೇ ಆ ಚುಕ್ಕಿ. ಮಕ್ಕಳ ಚರ್ಮ ಆದ್ರೆ ಹೊಸಾದು, ಇನ್ನೂ ಯಾರ ಜೊತೆನೂ ಜಗಳ ಆಡಿಲ್ಲ, ಅದಕ್ಕೆ ಏನಾಗತ್ತೆ? ಹದಿನಾರು ವರ್ಷದ ಕಸುಬುದಾರಳು ಇದನ್ನ ನಿಜ ಅಂತ ನಂಬಿದ್ಲು, ಅದೇ ನೋಡಿ ಯಡವಟ್ಟಾಗಿದ್ದು.

ಟೈಲರಕ್ಕನಿಗೆ ಏಳು ವರ್ಷದ ಮಗಳು. ಹುಟ್ಟಿದಾಗಿಂದ ಗುಂಡಿ ಡಬ್ಬಿ ಜೊತೆನೇ ಆಡ್ಕೊಂಡು ಬೆಳೆದಿದ್ದಕ್ಕೆ ಎಲ್ರೂ ಕರಿಯೋದು ಬಟನ್ ಅಂತ. ಸ್ಕೂಲು ಬಿಟ್ಟಮೇಲೆ ಬಟನ್ ಇರೋದು ಪಾರ್ಲರಲ್ಲೇ. ಫೋನಲ್ಲಿ ಯಾವ್ದೋ ಪುಟ್ಟ ಹುಡುಗಿ ಮುಖಕ್ಕೆ ಏಳು ಥರ ಹಚ್ಚೋ ವಿಡಿಯೋ ನೋಡ್ಬಿಟ್ಟಿದ್ದಾಳೆ. ಅವತ್ತಿಂದ ಒಂದೇ ಹಠ.

"ಆಂಟಿ, ನಂಗೂ ಗ್ಲೋ ಬೇಕು."

"ನಿಂಗ್ಯಾಕೆ ಗ್ಲೋ? ಕರೆಂಟ್ ಹೋದ್ರೆ ನಿನ್ನೇ ನೇತಾಕ್ಬೋದು ಬಲ್ಬಿನ ಜಾಗಕ್ಕೆ."

"ನಾಳೆ ಕ್ಲಾಸ್ ಫೋಟೋ ಆಂಟಿ! ಪ್ಲೀಸ್ ಪ್ಲೀಸ್ ಪ್ಲೀಸ್!"

ಅತ್ತೆಗೆ ಮಕ್ಕಳಿಲ್ಲ. ಬಟನ್ ಪ್ಲೀಸ್ ಅಂದ್ರೆ ಕರಗಿ ನೀರಾಗ್ತಾಳೆ. ಮೊಡವೆ ಕಲೆಗೆ, ಸುಕ್ಕಿಗೆ ಅಂತ ದೊಡ್ಡ ಹೆಂಗಸರಿಗೆ ಹಚ್ಚೋ ಕ್ರೀಮು ತೆಗೆದ್ಲು. ಮೇಲಿನ ಪದರ ಸುಲಿದು ಹೊಸ ಚರ್ಮ ಬರ್ಸೋ ಅಂಥದ್ದು. ದೊಡ್ಡವರಿಗೆ ಒಂದು ಬಟಾಣಿಯಷ್ಟು ಅಲ್ವಾ, ಪುಟ್ಟ ಮುಖಕ್ಕೆ ಅರ್ಧ ಬಟಾಣಿ ಸಾಕು ಅಂದ್ಕೊಂಡ್ಲು. ಕಿವಿ ಹಿಂದೆ ಚುಕ್ಕಿ ಇಡ್ಲಿಲ್ಲ. ಕೆನ್ನೆ, ಹಣೆ, ಮೂಗು, ಎಲ್ಲಾ ಕಡೆ ತಿಕ್ಕಿದ್ಲು. ಬೆಳಿಗ್ಗೆ ಹಚ್ಕೊಳಕ್ಕೆ ಇರ್ಲಿ ಅಂತ ಖಾಲಿ ಕಾಡಿಗೆ ಡಬ್ಬೀಲಿ ಸ್ವಲ್ಪ ಹಾಕಿ ಕೊಟ್ಲು ಬೇರೆ.

"ಅಮ್ಮಂಗೆ ಹೇಳ್ಬೇಡ ಆಯ್ತಾ? ಫೋಟೋ ನೋಡಿ ಬಿದ್ದೇ ಹೋಗ್ಬೇಕು ಅವಳು."

"ದೇವ್ರಾಣೆ ಹೇಳಲ್ಲ."

ಮಾರನೇ ದಿನ ಮೈದಾನದ ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ ಫೋಟೋ ತೆಗೆದ್ರು. ಸಂಜೆಗೆ ಬಟನ್ ಕೆನ್ನೆ ಕೆಂಪು. ಅದರ ಮಾರನೇ ದಿನ ಬೆಂದ ಹಾಗೆ, ಮೂಗಿನ ಪಕ್ಕ ಸಿಪ್ಪೆ ಏಳ್ತಿದೆ. ನೀರು ಬಿದ್ರೆ ಕಿರುಚ್ತಾಳೆ. ಟೈಲರಕ್ಕ ಅಂಗಡಿ ಬಾಗ್ಲು ಹಾಕಿ ಡಾಕ್ಟ್ರ ಹತ್ರ ಓಡಿದ್ಲು. ವಾಪಸ್ ಬಂದವಳೇ ಹದಿನಾಲ್ಕು ಮೆಟ್ಲು ಹತ್ತಿ ಅತ್ತೆ ಕುರ್ಚೀಲಿ ಕುಸಿದು ಕೂತ್ಲು.

"ನಂದೇ ತಪ್ಪು ಕಣೆ. ಬಟ್ಟೆ ಒಗೆಯೋ ಪುಡಿ ಬದಲಾಯಿಸ್ದೆ ನೋಡು ಹೋದ ವಾರ. ದಿಂಬಿನ ಬಟ್ಟೆಗೆ ಅದೇ ಹಾಕಿದ್ದೆ. ಮುಖಕ್ಕೇನಾದ್ರೂ ಹಚ್ಚಿದ್ಯಾ ಅಂತ ಡಾಕ್ಟ್ರು ಮೂರ್ ಸಲ ಕೇಳಿದ್ರು ಬಟನ್ನ. ಇಲ್ಲ ಇಲ್ಲ ಅಂದ್ಲು. ನನ್ ಮಗು ಸುಳ್ಳು ಹೇಳಲ್ಲ. ಪುಡಿನೇ ಇರ್ಬೇಕು ಅಂತ ಮುಲಾಮು ಬರ್ಕೊಟ್ರು."

ಅತ್ತೆ ಬಾಯಿ ತೆಗೆದ್ಲು. ತೆಗೆದು ಏನಂದ್ಲು ಗೊತ್ತಾ? "ಟೀ ಕುಡೀತೀಯಾ ಅಕ್ಕ?"

ಇದನ್ನ ನಂಗೆ ಹೇಳೋವಾಗ ಅತ್ತೆ ತಲೆ ಎತ್ತಲಿಲ್ಲ. "ನೆಟ್ಟಗೆ ನಾಲ್ಕು ಮಾತು ಅಷ್ಟೇ ಕಣೆ ಹೇಳ್ಬೇಕಿದ್ದಿದ್ದು. ನಾನು ಟೀ ಕೇಳ್ದೆ" ಅಂದ್ಲು.

ಅರ್ಧ ಬಟಾಣಿ ತಾನೇ, ತಾನಾಗೇ ಹೋಗತ್ತೆ ಅಂತ ಸಮಾಧಾನ ಮಾಡ್ಕೊಂಡ್ಲಂತೆ. ಹೇಳಿದ್ರೆ ಅಕ್ಕ ಮತ್ತೆ ಮಾತಾಡ್ತಾಳೋ ಇಲ್ವೋ ಅನ್ನೋ ಭಯ ಒಂದು ಕಡೆ. ಊರಿಗೆಲ್ಲಾ ಗೊತ್ತಾದ್ರೆ ಅನ್ನೋದು ಇನ್ನೊಂದು ಕಡೆ. ಒಂದಿನ ಆಯ್ತು, ಎರಡು ದಿನ ಆಯ್ತು. ಕೆಳಗೆ ಟೈಲರಕ್ಕ ಮನೇಲಿದ್ದ ಬಟ್ಟೆಯೆಲ್ಲಾ ತಂದು, ಹಾಸಿಗೆ, ಟವೆಲ್ಲು, ಯೂನಿಫಾರ್ಮು, ಒಂದೂ ಬಿಡ್ದೆ ಬರೀ ನೀರಲ್ಲಿ ಜಾಲಿಸ್ತಾ ಇದ್ಲು. ಅಂಗಡಿ ಹಿಂದಿನ ನಲ್ಲಿ ಸದ್ದು ಪಾರ್ಲರಿಗೆ ಕೇಳ್ಸತ್ತೆ. ಅವಳ ಕೈ ಬೆರಳೆಲ್ಲಾ ಬಿಳಿಚ್ಕೊಂಡಿತ್ತು. ಅತ್ತೆ ಮುಖ ಕೊಟ್ಟು ಮಾತಾಡೋಕ್ಕಾಗ್ದೆ ಪಾರ್ಲರ್ ಬಾಗ್ಲು ಮುಂದಕ್ಕೆ ಹಾಕ್ಕೊಂಡು ಕೂತ್ಲು.

ಮುಲಾಮಿಂದ ಒಂಚೂರೂ ಕಮ್ಮಿ ಆಗ್ಲಿಲ್ಲ. ಜಾಸ್ತಿನೇ ಆಯ್ತು.

ಮೂರನೇ ದಿನ ಬಟನ್ ಮೆಟ್ಲ ಮೇಲೆ ಸಿಕ್ಕಿದ್ಲು. ಕಣ್ಣ ಕೆಳಗೆ ಊದ್ಕೊಂಡಿದೆ. ಅತ್ತೆ ಪಕ್ಕ ಕೂತು ಮೆಲ್ಲಗೆ ಕೇಳಿದ್ಲು, "ಆ ಡಬ್ಬಿ ಎಲ್ಲಮ್ಮಾ?"

ಬಟನ್ ಆಕಡೆ ಈಕಡೆ ನೋಡಿ ಪಿಸುಗುಟ್ಟಿದ್ಲು. "ಪೆನ್ಸಿಲ್ ಬಾಕ್ಸಲ್ಲಿದೆ. ದಿನಾ ಹಚ್ತೀನಿ ಆಂಟಿ. ಉರೀತಿದೆ ಅಂತ ಜಾಸ್ತಿನೇ ಹಚ್ತಿದೀನಿ, ಬೇಗ ಗ್ಲೋ ಬಂದ್ರೆ ಉರಿ ಹೋಗತ್ತೆ ಅಲ್ವಾ? ಡಾಕ್ಟ್ರು ಕೇಳಿದ್ರೂ ಹೇಳ್ಲಿಲ್ಲ. ಅಮ್ಮಂಗೂ ಹೇಳಿಲ್ಲ."

ಅತ್ತೆ ಮಾತಾಡ್ದೆ ಇದ್ದ ಒಂದೊಂದು ದಿನಾನೂ ಆ ಮಗು ಮುಖಕ್ಕೆ ಬಳ್ಕೊತಾ ಇತ್ತು! ಬಟನ್ ಕೈ ಹಿಡ್ಕೊಂಡು ಸೀದಾ ಕೆಳಗೆ ಇಳಿದ್ಲು. ಟೈಲರಕ್ಕ ಕಾಲರ್ ಹೊಲೀತಿದ್ಲು. ಅತ್ತೆ ನಿಂತ ಕಾಲಲ್ಲೇ ಹೇಳಿದ್ಲು. ಕ್ರೀಮು, ಡಬ್ಬಿ, ಅಮ್ಮಂಗೆ ಹೇಳ್ಬೇಡ ಅಂದಿದ್ದು, ಎಲ್ಲಾ.

ಮಿಷಿನ್ ನಿಂತೋಯ್ತು.

"ಮೂರು ದಿನದಿಂದ ನಾನು ಬಟ್ಟೆ ಜಾಲಿಸ್ತಿದೀನಿ" ಅಂದ್ಲು ಟೈಲರಕ್ಕ. "ನೀನು ಮೇಲೆ ಕೂತು ಕೇಳ್ಸ್ಕೊತಿದ್ದೆ."

"ಹೂಂ ಅಕ್ಕ."

"ಆ ಕ್ರೀಮಿನ ಬಾಟ್ಲು ತಗೊಂಡ್ ಬಾ. ನಡಿ ಡಾಕ್ಟ್ರ ಹತ್ರ. ದಾರೀಲಿ ನನ್ ಜೊತೆ ಮಾತಾಡ್ಬೇಡ."

ಡಾಕ್ಟ್ರಮ್ಮ ಬಾಟ್ಲು ತಿರುಗ್ಸಿ ಓದಿದ್ರು. ಬಟನ್ ಕಡೆ ನೋಡಿ ಕೇಳಿದ್ರು, "ಇದನ್ನ ಹಚ್ಚಿದ್ಯಾ ಪುಟ್ಟಾ?" ಬಟನ್ ಅತ್ತೆ ಮುಖ ನೋಡಿದ್ಲು, ಹೇಳ್ಲಾ ಬೇಡ್ವಾ ಅಂತ. ಭೂಮಿ ಬಾಯಿ ಬಿಟ್ರೆ ಇಳಿದು ಹೋಗೋಣ ಅನ್ನಿಸ್ತಂತೆ ಅತ್ತೆಗೆ. "ಹೇಳಮ್ಮಾ. ಆಂಟಿ ಹೇಳಿದ್ದು ತಪ್ಪು" ಅಂದ್ಲು.

ಆಮೇಲೆ ಅತ್ತೆಗೆ ಸರಿಯಾಗಿ ಮಂಗಳಾರತಿ ಆಯ್ತು. "ಅರ್ಧ ಹಚ್ಚಿದ್ರೆ ಮಗೂಗೆ ಆಗತ್ತೆ ಅಂತ ಯಾರ್ರೀ ಹೇಳಿದ್ದು? ಮಕ್ಕಳ ಚರ್ಮ ತೆಳು, ಹಚ್ಚಿದ್ದೆಲ್ಲಾ ಬೇಗ ಒಳಗೆ ಇಳಿಯತ್ತೆ. ಸುಲಿಯೋಕ್ಕೆ ಅಲ್ಲಿ ಹಳೇ ಚರ್ಮನೇ ಇಲ್ಲ! ಇದನ್ನ ಹಚ್ಚಿದ ದೊಡ್ಡವರೇ ಬಿಸಿಲಿಗೆ ಹುಷಾರಾಗಿರ್ಬೇಕು. ಈ ವಯಸ್ಸಿಗೆ ನೀರು, ಮೆತ್ತನೆ ಸೋಪು, ಒಣಗಿದ್ರೆ ವಾಸನೆ ಇಲ್ದಿರೋ ಸಾದಾ ಮಾಯಿಶ್ಚರೈಸರು, ಬಿಸಿಲಿಗೆ ಟೋಪಿ, ಮಕ್ಕಳ ಸನ್‌ಸ್ಕ್ರೀನು. ಮುಗೀತು. ಗ್ಲೋ ಅಂತ ಬರೆದಿರೋದ್ ಯಾವ್ದೂ ಬೇಡ."

ಕ್ರೀಮು ನಿಲ್ಲಿಸಿದ ಮೇಲೆ ಮುಖ ಸರಿಹೋಗಕ್ಕೆ ಮೂರು ವಾರ ಹಿಡೀತು. ಅಷ್ಟರಲ್ಲಿ ಕ್ಲಾಸ್ ಫೋಟೋ ಬಂತು. ಬಟನ್ ಚೆನ್ನಾಗೇ ಬಿದ್ದಿದಾಳೆ, ಹಲ್ಲಿಲ್ದಿರೋ ಬಾಯಿ ಬಿಟ್ಕೊಂಡು. ಆ ಫೋಟೋನ ಅತ್ತೆ ಇವತ್ತಿಗೂ ನೋಡಿಲ್ಲ. ತೋರ್ಸು ಅಂತ ಕೇಳೋ ಧೈರ್ಯ ಇಲ್ಲ.

ಟೈಲರಕ್ಕ ಒಂದೂವರೆ ತಿಂಗಳಾದ್ಮೇಲೆ ಮಾತು ಶುರು ಮಾಡಿದ್ಲು. ಈಗ ಕೂಗಾಟ, ರೇಗಿಸೋದು ಎಲ್ಲಾ ಇದೆ, ಆದ್ರೆ ಬಟನ್ ಒಬ್ಳೇ ಮೇಲೆ ಹೋಗೋ ಹಾಗಿಲ್ಲ. ಅತ್ತೆ ಅದನ್ನ ಯಾಕೆ ಅಂತ ಕೇಳಿಲ್ಲ.

ಚಿಕ್ಕ ಮಕ್ಕಳಿಗೆ ಫೇಶಿಯಲ್ ಮಾಡ್ಸೋಕ್ಕೆ ಅಂತ ತಾಯಂದಿರು ಈಗ್ಲೂ ಬರ್ತಾರೆ. ಅತ್ತೆ ಬರೀ ಆಗಲ್ಲ ಅಂತ ಕಳ್ಸಲ್ಲ. ಕೂರ್ಸಿ, ತಾನು ಮಾಡಿದ್ದನ್ನ ಮೊದ್ಲಿಂದ ಕೊನೇವರೆಗೆ ಹೇಳ್ತಾಳೆ, ಟೀ ಕೇಳಿದ್ದೂ ಸೇರಿ. ಕೆಲವರು ಎದ್ದು ಹೋದವರು ಮತ್ತೆ ಬಂದೇ ಇಲ್ಲ.

ಮೊನ್ನೆ ನಾನಿದ್ದಾಗ್ಲೇ ಇಂಥದ್ದೊಂದು ನಡೀತು. ಗಿರಾಕಿ ಮೆಟ್ಲು ಇಳಿದು ಹೋದ್ಮೇಲೆ ಟೈಲರಕ್ಕ ಕೆಳಗಿಂದ ಕೂಗಿದ್ಲು.

"ಸಾಕು ಬಿಡೆ! ಇನ್ನೆಷ್ಟು ಜನಕ್ಕೆ ಹೇಳ್ತೀಯಾ?"

"ನಿಂಗೆ ಮೂರು ದಿನ ಹೇಳ್ಲಿಲ್ವಲ್ಲಕ್ಕಾ" ಅಂದ್ಲು ಅತ್ತೆ.

ಕೆಳಗಿಂದ ಮತ್ತೆ ಮಿಷಿನ್ ಸದ್ದು ಶುರು ಆಯ್ತು.