ಕಂಬಳಿಗೆ ನೂರ ಹದಿನೆಂಟು ಗಜ

ಕಡಲಾಚೆಯ ಈ ರಾಂಚೊ ಬರ್ನಾರ್ಡೊ ಊರಿನ ನಮ್ಮ ಕನ್ನಡದವರಲ್ಲಿ ‘ಗೋಪಿಯ ಜಿಂಕೆ’ ಎಂದರೆ ಎಂದೂ ಕೈಗೆ ಸಿಗದ ವಸ್ತು. ಪ್ಲಂಬರ್ ಹೇಳಿದ ದಿನ ಬರದಿದ್ದರೆ ಗೋಪಿಯ ಜಿಂಕೆ, ಮಗಳಿಗೆ ಗಂಡು ಗೊತ್ತಾಗದಿದ್ದರೆ ಗೋಪಿಯ ಜಿಂಕೆ. ಈ ಮಾತನ್ನು ಹುಟ್ಟುಹಾಕಿದವನು ನಾನೇ. ಯುಗಾದಿ ಊಟದ ಸಾಲಿನಲ್ಲಿ ನಿಂತು ಹತ್ತು ಜನರನ್ನು ನಗಿಸಲು ಹೇಳಿದ್ದು, ಊರೆಲ್ಲ ಹಬ್ಬಿತು. ಈಗ ಯಾರಾದರೂ ಅದನ್ನು ಆಡಿದರೆ ನನಗೆ ಮೈ ಉರಿಯುತ್ತದೆ.

ಗೋಪಿನಾಥ ರೈ ಪುತ್ತೂರಿನ ಕಡೆಯವನು. ನನಗಿಂತ ಎಂಟು ವರ್ಷ ಚಿಕ್ಕವನು. ನಾನು ಅವನಿಗೆ ನೀನು ಅನ್ನುತ್ತೇನೆ, ಅವನು ನನಗೆ ‘ನೀವು ಮಾರಾಯ್ರೆ’ ಅನ್ನುತ್ತಾನೆ. ನೂರು ಮೈಲಿ ಆಚೆ, ಎಲ್ ಸೆಗುಂಡೋದ ಒಂದು ರಕ್ಷಣಾ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ. ಸೋಮವಾರ ಬೆಳಗಿನ ಜಾವ ಹೊರಟರೆ ಶುಕ್ರವಾರ ಸಂಜೆಗೆ ಮನೆ. ಅಲ್ಲಿ ಅವನು ಮಾಡುತ್ತಿದ್ದದ್ದು ಲೇಸರ್ ಬೆಳಕು ಬಿಟ್ಟು ದೂರ ಅಳೆಯುವ ಯಂತ್ರಗಳನ್ನು. ಅವು ಎಷ್ಟು ಮೈಲಿ ಅಳೆಯುತ್ತಿದ್ದವೋ, ಯಾವುದರ ಮೇಲೆ ಕೂರುತ್ತಿದ್ದವೋ ಅವನು ಬಾಯಿ ಬಿಡಲಿಲ್ಲ. ಹೆಂಡತಿ ಅರುಂಧತಿಗೂ ಹೇಳಿದವನಲ್ಲ.

ಉಳಿದ ಹೊತ್ತಿನಲ್ಲಿ ಅವನ ಹುಚ್ಚು ಒಂದೇ, ಜಿಂಕೆ ಬೇಟೆ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡು, ಹದಿನಾಲ್ಕು ವರ್ಷ ಪ್ರತಿ ಶರತ್ಕಾಲದಲ್ಲೂ ಪಾಲೊಮಾರ್ ಬೆಟ್ಟದ ಹಿಂಬದಿಗೆ ಹೋಗಿ ಬರಿಗೈಲಿ ಬಂದ. ಈ ಒಣ ಬೆಟ್ಟಗಳಲ್ಲಿ ಜಿಂಕೆ ಕಡಿಮೆ, ಇದ್ದವೂ ಜಾಣ. ಅವರ ಪುತ್ತೂರಿನ ಕಡೆ ಬೇಟೆ ಬಿದ್ದರೆ ಜತೆಗೆ ಹೋದವರಿಗೆಲ್ಲ ಪಾಲಂತೆ, ಕೋವಿ ಹಿಡಿದವನಿಗೂ ಸುಮ್ಮನೆ ನಿಂತವನಿಗೂ. ‘ನೀವು ತಿನ್ನದಿದ್ದರೂ ನಿಮ್ಮ ಪಾಲು ನಿಮ್ಮ ಬಾಗಿಲಿಗೆ ಬರ್ತದೆ’ ಎಂದು ನನ್ನನ್ನು ಹೆದರಿಸುತ್ತಿದ್ದ. ನಾನು ಮೈಸೂರಿನವನು, ಬದನೆಕಾಯಲ್ಲಿ ಹುಳ ಕಂಡರೆ ಇಡೀ ಕಾಯನ್ನೇ ಎಸೆಯುವವನು. ನನ್ನ ಹೆಂಡತಿ ವತ್ಸಲಾ ಅವನ ಬರಿಗೈ ನೋಡಿ ಪ್ರತಿ ವರ್ಷ ಸಮಾಧಾನದ ಉಸಿರು ಬಿಡುತ್ತಿದ್ದಳು.

ಎರಡು ಸಾವಿರದ ಇಪ್ಪತ್ತೊಂದರಲ್ಲಿ ಅವನು ಒಂದು ರಿಪೋರ್ಟ್ ಹಿಡಿದು ನಮ್ಮ ಮನೆಗೆ ಬಂದ. ಟೊರ್ರಿ ಪೈನ್ಸ್‌ನ ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತು ವರ್ಷ ಜೀವಕೋಶಗಳನ್ನು ನೋಡುತ್ತ ಮುದುಕನಾದ ನನಗೆ ಆ ಕಾಗದ ಅರ್ಥವಾಗುತ್ತದೆಂದು ಅವನ ನಂಬಿಕೆ. ಅರ್ಥವಾಯಿತು. ಎರಡೂ ಕಣ್ಣಿನ ನಡುಭಾಗ ಸವೆಯುತ್ತಿತ್ತು. ಅಂಚಿನ ನೋಟ ಉಳಿಯುತ್ತದೆ, ನೇರ ನೋಡಿದ್ದು ಅಳಿಸಿಹೋಗುತ್ತ ಬರುತ್ತದೆ. ಅವನ ಬಗೆಯ ರೋಗಕ್ಕೆ ಮದ್ದಿಲ್ಲ. ನಾನು ಕನ್ನಡಕ ಒರೆಸಿಕೊಂಡು, ಡಾಕ್ಟರುಗಳು ಯಾವಾಗಲೂ ಒಂದಕ್ಕೆರಡು ಹೇಳುತ್ತಾರೆ, ಇನ್ನೂ ಹದಿನೈದು ವರ್ಷಕ್ಕೆ ಮೋಸವಿಲ್ಲ ಅಂದೆ. ಅದು ನನ್ನ ಮೊದಲ ಸುಳ್ಳು. ಅರುಂಧತಿಗೆ ಹೇಳಬೇಡಿ ಎಂದು ಮಾತು ತೆಗೆದುಕೊಂಡು ಹೋದ.

ಇಪ್ಪತ್ತಮೂರರ ಬೇಸಿಗೆಯಲ್ಲಿ ಕಂಪನಿ ಅವನನ್ನು ಲೇಆಫ್ ಮಾಡಿತು. ಆ ವರ್ಷವೇ ಒಂದು ಜಿಂಕೆ ಹೊಡೆಯಬೇಕೆಂದು ಹಟ ಹಿಡಿದ. ಮುಂದಿನ ವರ್ಷಕ್ಕೆ ಕಣ್ಣು ಇರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಇಬ್ಬರೂ ಆಡಲಿಲ್ಲ. ಅದರ ಬದಲು ನಾವು ಆಡಿದ್ದು ದೂರ ಅಳೆದು ಹೇಳುವ ಕೈಯಂತ್ರ, ರೇಂಜ್‌ಫೈಂಡರ್ ಬಗ್ಗೆ.

ಹಿಂದಿನ ವರ್ಷ ಒಂದು ಜಿಂಕೆ ಎದುರಿಗೆ ಬಂದಿತ್ತಂತೆ. ದೂರದ ಅಂದಾಜು ತಪ್ಪಿ ಗುಂಡು ಮಣ್ಣಿಗೆ ಹೊಡೆಯಿತಂತೆ. ದೂರ ಸರಿಯಾಗಿ ಗೊತ್ತಾದರೆ ಸಾಕು, ಉಳಿದದ್ದು ಕೈಗೆ ಅಭ್ಯಾಸವುಂಟು ಎಂದು ಅವನ ವಾದ. ಕೆಲಸ ಹೋದ ಮನೆ, ಅದಕ್ಕೆ ಅಗ್ಗದ್ದೇ ಆಗಬೇಕು. ನಾನು ಗಾಲ್ಫ್ ಆಡುವ ಮೈದಾನಕ್ಕೆ ಒಯ್ಯುವ ನನ್ನ ಯಂತ್ರವನ್ನೇ ತೆಗೆದುಕೋ ಅಂದೆ. ಅವನು ಮುಖ ಸಿಂಡರಿಸಿದ. ಗಾಲ್ಫ್‌ನದು ಎಲ್ಲಕ್ಕಿಂತ ಹತ್ತಿರದ್ದನ್ನು ಹಿಡಿಯುತ್ತದೆ, ಗುಳಿಯಲ್ಲಿ ನೆಟ್ಟ ಬಾವುಟ ಸಿಗಲಿ ಎಂದು. ಕಾಡಿನಲ್ಲಿ ಅದು ಮುಂದಿನ ಹುಲ್ಲಿಗೇ ಅಳತೆ ಕೊಟ್ಟು ಕೂರುತ್ತದೆ. ಹುಲ್ಲು ಬಿಟ್ಟು ಹಿಂದಿನದನ್ನು ಹಿಡಿಯುವಂಥದು ಬೇಕು, ಇಳಿಜಾರಿನ ಲೆಕ್ಕವನ್ನೂ ಕೊಡಬೇಕು. ಇನ್ನು ಪೆಟ್ಟಿಗೆಯ ಮೇಲೆ ಸಾವಿರ ಗಜ ಎಂದು ಬರೆದದ್ದು ಫ್ರೀವೇ ಬೋರ್ಡಿಗೆ ಮಾತ್ರ ನಿಜ. ಹೊಳೆಯುವ ವಸ್ತು ಬೆಳಕನ್ನು ವಾಪಸ್ ಕೊಡುತ್ತದೆ. ಜಿಂಕೆಯ ಮೈ ಬೆಳಕನ್ನು ನುಂಗಿಬಿಡುತ್ತದೆ. ಜಿಂಕೆಗೆ ಆ ಸಾವಿರದ ಅರ್ಧವೂ ನಿಲ್ಲದು.

ಎಷ್ಟು ನಿಲ್ಲುತ್ತದೆ ಎಂದು ನೋಡಲು ಜಿಂಕೆಯಂಥದು ಬೇಕಲ್ಲ. ವತ್ಸಲಾ ಚಿತ್ರದುರ್ಗದಿಂದ ತರಿಸಿಕೊಂಡ ಕುರಿ ಕಂಬಳಿಯೊಂದು ನಮ್ಮಲ್ಲಿತ್ತು, ಮಾಸಲು ಕಂದು ಬಣ್ಣದ್ದು, ಒರಟು. ಅದನ್ನು ಮುಟ್ಟಿ ನೋಡಿ ಗೋಪಿ, ಇದೇ ಆಗಬಹುದು ಅಂದ. ಹೀಗೆ ನಾನು ಜಿಂಕೆಯಾದೆ. ಮೂರು ವಾರ, ಪಾರ್ಕಿನ ಆ ತುದಿಯಲ್ಲಿ ಕಂಬಳಿ ಹೊದ್ದು ನಾನು, ಈ ತುದಿಯಲ್ಲಿ ಯಂತ್ರ ಹಿಡಿದು ಅವನು. ಅಕ್ಟೋಬರಿನ ಬಿಸಿಲಿನಲ್ಲಿ ಕಂಬಳಿ ಹೊದ್ದ ಮುದುಕನನ್ನು ನೋಡಿ ನಾಯಿ ತಿರುಗಿಸಲು ಬಂದ ಹೆಂಗಸೊಬ್ಬಳು ನನಗೆ ಮೈ ಹುಷಾರಿದೆಯೇ ಎಂದು ಕೇಳಿದಳು.

ಅಂಗಡಿಯಿಂದ ತರುವುದು, ನೋಡುವುದು, ಮೂವತ್ತು ದಿನದೊಳಗೆ ವಾಪಸ್ ಮಾಡುವುದು. ಇದು ನಮ್ಮವರೆಲ್ಲರಿಗೂ ಕರಗತವಾದ ವಿದ್ಯೆ. ಅವನ ಎಕ್ಸೆಲ್ ಶೀಟ್ ಬೆಳೆಯಿತು. ಮೊದಲನೆಯದನ್ನು ಕಣ್ಣಿಗಿಟ್ಟು, ಗಾಜಿನೊಳಗಿನ ಅಂಕಿಗಳು ಮಸುಕು ಅಂದ. ಎರಡನೆಯದೂ ಮಸುಕು. ಮೂರನೆಯದಕ್ಕೆ ನನ್ನನ್ನು ಹತ್ತಿರ ಕರೆದು ಕೈಗೆ ಕೊಟ್ಟು, ನೀವೇ ನೋಡಿ ಮಾರಾಯ್ರೆ ಅಂದ. ನೋಡಿದೆ. ಕಪ್ಪು ಅಂಕಿಗಳು ಕ್ಯಾಲೆಂಡರಿನಲ್ಲಿದ್ದಷ್ಟು ಸ್ಪಷ್ಟವಾಗಿದ್ದವು. ಅವನು ನನ್ನ ಮುಖವನ್ನೇ ನೋಡುತ್ತಿದ್ದ, ತಲೆಯನ್ನು ಸ್ವಲ್ಪ ಓರೆ ಮಾಡಿ, ಅಂಚಿನಿಂದ.

ನಾನು ಹೌದು, ಮಸುಕಾಗಿಯೇ ಇದೆ ಅಂದೆ. ಮೊದಲೆರಡನ್ನು ತೆಗೆದು ನೋಡಿಯೂ ಹಾಗೇ ಅಂದೆ, ನಾಲ್ಕನೆಯದಕ್ಕೂ ಹಾಗೇ ಅಂದೆ. ಅಗ್ಗದ ಮಾಲು ಎಂದರೆ ಇಷ್ಟೇ ಎಂದು ಇಬ್ಬರೂ ಸೇರಿ ಬೈದೆವು. ಬೈದಾಗ ಅವನ ಮುಖ ಎಷ್ಟು ಹಗುರಾಗುತ್ತಿತ್ತೆಂದರೆ, ಇನ್ನೂ ನಾಲ್ಕು ತಂದಿದ್ದರೂ ನಾನು ಹಾಗೇ ಹೇಳುತ್ತಿದ್ದೆ. ನನ್ನಂಥ ಹೇಡಿ ಸ್ನೇಹಿತರು ಯಾರಿಗೂ ಬೇಡ.

ಐದನೆಯದರಲ್ಲಿ ಅಂಕಿಗಳು ಕೆಂಪಾಗಿ ಉರಿಯುತ್ತಿದ್ದವು, ದಪ್ಪಗೆ. ಅದನ್ನು ಅವನು ಓದಿದ. ಕಂಬಳಿಯನ್ನು ಮೂರೂವರೆ ನೂರು ಹೆಜ್ಜೆಯ ಆಚೆಗೂ ಬಿಡದೆ ಹಿಡಿಯಿತು. ಆ ಸಂಜೆ ಅರುಂಧತಿ ಪಾಯಸ ಮಾಡಿದಳು. ಯಾತಕ್ಕೆಂದು ಅವಳಿಗೆ ಗೊತ್ತಿರಲಿಲ್ಲ, ಗಂಡ ಬಹಳ ದಿನಕ್ಕೆ ನಕ್ಕಿದ್ದ ಅಷ್ಟೆ.

ಆಯ್ಕೆ ಮುಗಿಯುವ ಹೊತ್ತಿಗೆ ಸೀಸನ್ನಿಗೆ ಉಳಿದದ್ದು ಒಂದೇ ಶನಿವಾರ. ಜತೆಗೆ ನಾನೇ ಹೊರಟೆ. ಬೇಟೆ ನೋಡಲಿಕ್ಕಲ್ಲ, ಅವನೊಬ್ಬನನ್ನೇ ಕಳಿಸಲು ಮನಸ್ಸಾಗಲಿಲ್ಲ. ಕಾರು ಅವನೇ ಡ್ರೈವ್ ಮಾಡಿದ. ಫಿಫ್ಟೀನ್ ಫ್ರೀವೇಯಲ್ಲಿ ಬಲಗಡೆಯ ಲೇನ್ ಬಿಡದೆ, ಮುಂದಿನ ಟ್ರಕ್ಕಿನ ಕೆಂಪು ದೀಪ ಹಿಡಿದು ನಿಧಾನವಾಗಿ ಹೋದ. ನಾನು ಸೀಟಿನ ಅಂಚು ಹಿಡಿದು ಕೂತೆ.

ಬೆಳಕು ಹರಿಯುವಾಗ ಬೆಟ್ಟದ ಮೇಲೆ ಚಳಿ ಕೊರೆಯುತ್ತಿತ್ತು. ವತ್ಸಲಾ ಬಲವಂತ ಮಾಡಿ ಕಟ್ಟಿಕೊಟ್ಟಿದ್ದಳೆಂದು ನಾನು ಕಂಬಳಿ ಹೊದ್ದಿದ್ದೆ. ಬಂಡೆಯೊಂದಕ್ಕೆ ಒರಗಿ ಎರಡು ಗಂಟೆ ಕೂತೆವು. ಒಂದು ಗುಬ್ಬಿಯೂ ಕಾಣಲಿಲ್ಲ. ವಯಸ್ಸಾದವನಿಗೆ ಚಳಿಯಲ್ಲಿ ಕೂತರೆ ಏನಾಗುತ್ತದೋ ಅದು ನನಗೂ ಆಯಿತು. ಬಂದೆ ಎಂದು ಪಿಸುಗುಟ್ಟಿ ಹಳ್ಳ ದಾಟಿ ಎದುರಿನ ಪೊದೆಗಳ ಹಿಂದೆ ಹೋದೆ. ಹೋಗುವಾಗ ಬಳಸು ದಾರಿ ಹಿಡಿದಿದ್ದೆ, ಬರುವಾಗ ಸೋಮಾರಿತನಕ್ಕೆ ನೇರವಾಗಿ ಬಂದೆ. ಇಳಿಜಾರು ಜಾರುತ್ತದೆಂದು ಬಗ್ಗಿ, ಕೈ ನೆಲಕ್ಕೆ ಊರಿ, ಪೊದೆ ಸರಿಸಿ ಹೊರಗೆ ಬಂದು ತಲೆ ಎತ್ತಿದೆ.

ಕೋವಿಯ ಬಾಯಿ ನನ್ನ ಕಡೆಗಿತ್ತು. ಅವನ ತಲೆ ಅದರ ಮೇಲೆ ಬಾಗಿತ್ತು, ಸ್ವಲ್ಪ ಓರೆಯಾಗಿ. ಪಕ್ಕದ ಬಂಡೆಯ ಮೇಲೆ ಐದನೇ ಯಂತ್ರ ಇತ್ತು.

ಕಂಬಳಿಯನ್ನು ಕಿತ್ತು ಎಸೆದೆ. ಆಮೇಲೆ ಅವನ ಹೆಸರು ಹೊರಟಿತು. ಒಂದು ಸಲವೋ ಹತ್ತು ಸಲವೋ ಗೊತ್ತಿಲ್ಲ. ಕೋವಿ ನಿಧಾನವಾಗಿ ಕೆಳಗಿಳಿಯಿತು.

ನಾನು ಹತ್ತಿರ ಹೋದಾಗ ಅವನು ಗುಂಡುಗಳನ್ನು ಒಂದೊಂದಾಗಿ ತೆಗೆದು ಟೋಪಿಯೊಳಗೆ ಹಾಕುತ್ತಿದ್ದ. ಆಮೇಲೆ ಅವನು ಯಂತ್ರವನ್ನು ಎತ್ತಿಕೊಂಡ.

“ನೂರ ಹದಿನೆಂಟು ಗಜ ತೋರಿಸ್ತು. ಇಳಿಜಾರಿನ ಲೆಕ್ಕವೂ ಸರಿ ಉಂಟು,” ಅಂದ. “ಎಷ್ಟು ದೂರ ಅಂತ ಹೇಳ್ತದೆ ಮಾರಾಯ್ರೆ. ಎಂತದು ಅಂತ ಹೇಳುದಿಲ್ಲ.”

ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. ಅವನು ಅದನ್ನು ತೆಗೆಯಲಿಲ್ಲ.

“ಆ ನಾಲ್ಕು ಯಂತ್ರ,” ಅಂದ, ನನ್ನತ್ತ ತಿರುಗದೆ. “ನಿಮಗೆ ನಿಜಕ್ಕೂ ಮಸುಕು ಕಂಡಿತ್ತಾ?”

ಕೋವಿಯ ಎದುರು ನಿಂತು ಬಂದವನಿಗೆ ಸುಳ್ಳು ನೆನಪಿಗೆ ಬರುವುದಿಲ್ಲ.

“ಇಲ್ಲ ಗೋಪಿ. ಎಲ್ಲಾ ಚೆನ್ನಾಗಿ ಕಾಣ್ತಿತ್ತು.”

ಅವನು ತಲೆಯಾಡಿಸಿದ, ಗೊತ್ತಿದ್ದದ್ದನ್ನೇ ಕೇಳಿದವನ ಹಾಗೆ. ಎದ್ದು ಕೋವಿಯನ್ನು ಚೀಲಕ್ಕೆ ಹಾಕಿದ. ಹಳ್ಳಕ್ಕೆ ಇಳಿದು, ತಡವರಿಸಿ, ನನ್ನ ಕಂಬಳಿಯನ್ನು ಹುಡುಕಿ ತಂದು ಮುಳ್ಳು ಕೊಡವಿ ನನಗೆ ಹೊದಿಸಿದ. ಕಾರಿನ ಹತ್ತಿರ ಬಂದ ಮೇಲೆ ಜೇಬಿನಿಂದ ಕೀ ತೆಗೆದು ನನ್ನ ಅಂಗೈಯಲ್ಲಿ ಇಟ್ಟು, ಸುತ್ತಿಕೊಂಡು ಹೋಗಿ ಪಕ್ಕದ ಸೀಟಿನಲ್ಲಿ ಕೂತ. ಆಮೇಲೆ ಎಂದೂ ಅವನು ಕಾರು ಓಡಿಸಲಿಲ್ಲ.

ಮನೆ ಮುಟ್ಟಿದಾಗ ಅರುಂಧತಿ ಬಾಗಿಲಲ್ಲಿದ್ದಳು. ಗಂಡ ಪಕ್ಕದ ಸೀಟಿನಿಂದ ಇಳಿಯುವುದನ್ನು ನೋಡಿದಳು. ಜಿಂಕೆ ಸಿಕ್ತಾ ಎಂದು ಕೇಳದೆ, ಹತ್ತಿರ ಬಂದು ಅವನ ಮೊಣಕೈ ಹಿಡಿದಳು.