ರೊಟ್ಟಿ ಬಡಿಯುವ ಹೊತ್ತಿನ ಕ್ಲಾರಿನೆಟ್

ಚೆಂಬೂರಿನ ನಮ್ಮ ಅಡುಗೆಮನೆಗೆ ಬಿಸಿಲು ಬರುವುದು ಬೆಳಿಗ್ಗೆ ಒಂದೇ ತಾಸು. ಭಾನುವಾರ ಆ ಹೊತ್ತಿಗೆ ನಾನು ಕಿಟಕಿಯ ಕಟ್ಟೆಯ ಮೇಲೆ ಚಿಕ್ಕ ಸ್ಪೀಕರ್ ಇಟ್ಟು ಹಳೆಯ ಜಾಝ್ ಹಾಡುಗಳನ್ನು ಹಚ್ಚುತ್ತೇನೆ. ಈ ಚಟ ಹತ್ತಿದ್ದು ಪವಾಯಿಯ ಆಫೀಸಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ವರ್ಷಗಳಲ್ಲಿ. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಹೊರಗಿನ ಹಾರನ್ನುಗಳೂ ಆ ಮೇಳದಲ್ಲೇ ಸೇರಿಹೋದಂತೆ ಅನಿಸುತ್ತಿತ್ತು. ಮನೆಯಿಂದಲೇ ಕೆಲಸ ಮಾಡತೊಡಗಿದ ಮೇಲೆ ಹಾಡು ಒಲೆಯ ಬಳಿಗೆ ಬಂತು. ಈರುಳ್ಳಿ ನಿಧಾನವಾಗಿ ಕೆಂಪಗಾಗಬೇಕಾದರೆ ದಪ್ಪ ದನಿಯ ಹೆಂಗಸೊಬ್ಬಳ ಹಾಡು. ಹೆಸರುಕಾಳು ಪಲ್ಯದ ಒಗ್ಗರಣೆಗೆ ಡ್ರಮ್ಮು. ಎಣ್ಣೆಗಾಯಿ ಸಣ್ಣ ಉರಿಯಲ್ಲಿ ಬೇಯುವಾಗ ಪಿಯಾನೋ. ಹಾಗೆ ಅಡುಗೆ ಮಾಡುವಾಗ ನಾನು ಅರ್ಧ ಎಚ್ಚರ, ಅರ್ಧ ನಿದ್ದೆಯಲ್ಲಿರುತ್ತೇನೆ.

ಅತ್ತೆಗೆ ಇದು ಹಿಡಿಸುತ್ತಿರಲಿಲ್ಲ. ಮದುವೆಯಾಗಿ ಧಾರವಾಡದ ಕಡೆಯಿಂದ ಮುಂಬಯಿಗೆ ಬಂದವರು, ಎಪ್ಪತ್ತು ದಾಟಿದರೂ ಜೋಳದ ರೊಟ್ಟಿಯ ಕೆಲಸವನ್ನು ನನಗೆ ಬಿಟ್ಟುಕೊಟ್ಟವರಲ್ಲ.

"ಮುಂಜಾನೆ ಮುಂಜಾನೆ ಯಾರವಾ ಇವರು ಅಳಾಕತ್ತಾರ?" ಎನ್ನುತ್ತಿದ್ದರು. "ಬಂದ್ ಮಾಡು. ರೊಟ್ಟಿ ಬಡಿಯೂ ಕೈ ತಪ್ಪತೈತಿ."

ಕಳೆದ ವರ್ಷ ಚಳಿ ಶುರುವಾಗುವ ಹೊತ್ತಿನ ಒಂದು ಭಾನುವಾರ, ಒಂದು ಹಾಡು ಮುಗಿದು ಅದರ ಬೆನ್ನಿಗೆ ಕ್ಲಾರಿನೆಟ್ ತಾನಾಗಿಯೇ ಶುರುವಾಯಿತು. ಬೈಗುಳ ಬರುತ್ತದೆ ಎಂದು ನಾನು ಫೋನಿಗೆ ಕೈ ಚಾಚಿದೆ. ಬರಲಿಲ್ಲ. ಅತ್ತೆಯ ಕೈ ನಿಧಾನವಾಗಿತ್ತು. ಅಂಗೈಯ ಪೆಟ್ಟು ಆ ವಾದ್ಯದ ನಡಿಗೆಗೆ ಸರಿಯಾಗಿ ಬೀಳುತ್ತಿತ್ತು, ರೊಟ್ಟಿ ತಿರುಗುತ್ತ ತಿರುಗುತ್ತ ಅಗಲವಾಗುತ್ತಿತ್ತು.

"ಇದು ಕರೇ ಬಣ್ಣದ್ದಿರತೈತಿ, ಅಲ್ಲಾ? ಮ್ಯಾಲೆ ಬೆಳ್ಳಿಯಂಥಾ ಗುಂಡಿ," ಎಂದರು.

"ಹೌದ್ರಿ ಅತ್ತಿ. ನೀವು ಎಲ್ಲಿ ನೋಡೀರಿ?"

"ಪರೇಲ್ ಚಾಳಿನ್ಯಾಗ."

ಆವತ್ತು ರೊಟ್ಟಿ ಬಡಿಯುತ್ತಲೇ ಅವರು ಹೇಳಿದ್ದು ಇದು. ಮಾವ ಪರೇಲ್‌ನ ಮಿಲ್ಲೊಂದರಲ್ಲಿ ಗುಮಾಸ್ತರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಅತ್ತೆಗೆ ಆಗ ಹತ್ತೊಂಬತ್ತು, ಹಿಂದಿಯೂ ಬಾರದು, ಮರಾಠಿಯೂ ಬಾರದು. ಸಾಲುಕೋಣೆಗಳ ಆ ಚಾಳಿನಲ್ಲಿ ಇವರ ಎದುರಿನ ಖೋಲಿಯಲ್ಲಿ ಗೋವಾದವನೊಬ್ಬ ಇದ್ದ. ಸಂಜೆ ದೊಡ್ಡ ಹೋಟೆಲೊಂದರಲ್ಲಿ ಇದೇ ವಾದ್ಯ ಊದುವ ಕೆಲಸ, ಬೆಳಿಗ್ಗೆ ಹನ್ನೊಂದಕ್ಕೆ ಖೋಲಿಯಲ್ಲಿ ಪ್ರ್ಯಾಕ್ಟೀಸು. ಅತ್ತೆ ರೊಟ್ಟಿ ಬಡಿಯುತ್ತಿದ್ದುದೂ ಆಗಲೇ. ಇಬ್ಬರೂ ಒಂದು ಮಾತೂ ಆಡಿದವರಲ್ಲ.

"ಆದ್ರ ನಾ ಜಲ್ದಿ ಬಡದ್ರ ಅಂವಾ ಜಲ್ದಿ ಊದಾಂವ. ಸಾವಕಾಶ ಬಡದ್ರ ಸಾವಕಾಶ. ತಿಂಗಳಾನಗಟ್ಲೆ ಆದಮ್ಯಾಲೆ ನನಗ ತಿಳೀತು."

ಮರುವರ್ಷ ಅತ್ತೆಗೆ ಐದು ತಿಂಗಳ ಬಸಿರು ಇಳಿದುಹೋಯಿತು. ಹದಿನೈದು ದಿನ ಚಾಪೆ ಬಿಟ್ಟು ಏಳಲಿಲ್ಲ. ಮಾವ ಖಾನಾವಳಿಯಿಂದ ಡಬ್ಬಿ ತರುತ್ತಿದ್ದರು. ರೊಟ್ಟಿಯ ಸದ್ದು ನಿಂತದ್ದನ್ನು ಕೇಳಿಸಿಕೊಂಡ ಆ ಮನುಷ್ಯ ಒಂದು ದಿನ ಬಾಗಿಲಿಗೆ ಬಂದು ಏನೋ ಕೇಳಿದ. ಅರ್ಥವಾಗಲಿಲ್ಲ. ಅತ್ತೆ ಗೋಡೆ ಕಡೆ ತಿರುಗಿ ಮಲಗಿದರು. ಮರುದಿನ ಹನ್ನೊಂದಕ್ಕೆ ಅವನು ಹೊರಗೆ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು, ಇವರ ಬಾಗಿಲ ಕಡೆ ಮುಖ ಮಾಡಿ ನಿಧಾನದ ಒಂದು ಹಾಡು ಊದಿದ. ಅದರ ಮರುದಿನವೂ ಅದೇ ಹಾಡು.

"ಮೂರನೇ ದಿನಾ ನಾ ಎದ್ದು ಹಿಟ್ಟು ನಾದಿದೆ. ನಾಕ್ ರೊಟ್ಟಿ, ಬದ್ನಿಕಾಯಿ ಪಲ್ಯ ತಾಟಿನ್ಯಾಗ ಹಾಕಿ ಅವನ ಹೊಸ್ತಿಲ ಮುಂದ ಇಟ್ಟ್ ಬಂದೆ. ತಾಟ ತೊಳದು, ಎರಡು ಬಾಳೆಹಣ್ಣ ಇಟ್ಟು ಕಳಿಸಿದ."

ಆ ವರ್ಷ ಮುಗಿಯುವುದರೊಳಗೆ ಅವನ ಬ್ಯಾಂಡು ಬೇರೆ ಊರಿಗೆ ಹೋಯಿತು. ಹಾಡಿನ ಹೆಸರು ಅತ್ತೆಗೆ ಗೊತ್ತಿರಲಿಲ್ಲ.

"ಈಗ ಬಂತಲ್ರಿ, ಅದ ಹಾಡೇನು?" ಎಂದೆ.

"ವಾದ್ಯ ಅದ. ಹಾಡ ಬ್ಯಾರೆ."

ಆಮೇಲಿನ ಭಾನುವಾರಗಳೆಲ್ಲ ಹುಡುಕಾಟದಲ್ಲೇ ಕಳೆದವು. ಅತ್ತೆ ಗುನುಗಿ ತೋರಿಸುತ್ತಿದ್ದರು. ಪ್ರತಿ ಸಲವೂ ಅದು ಬೇರೆ ಹಾಡಾಗಿರುತ್ತಿತ್ತು. ನಾನು ಒಂದಾದ ಮೇಲೊಂದು ಹಚ್ಚುತ್ತಿದ್ದೆ. "ಅಲ್ಲ" ಎನ್ನುವರು. "ಹತ್ರ ಬಂತು, ಮುಂದ ಹೋತು" ಎನ್ನುವರು. ಶೇಂಗಾ ಹುರಿದೆವು, ಅವರೆಕಾಳು ಸುಲಿದೆವು, ಚಳಿ ಹೋಯಿತು, ಮಾವಿನಹಣ್ಣು ಬಂದವು. ನನಗಂತೂ ಐವತ್ತು ವರ್ಷ ಹಿಂದಿನ ಚಾಳೊಂದರ ಗ್ಯಾಲರಿಯಲ್ಲೇ ನಿಂತು ಪಲ್ಯ ತಿರುವುತ್ತಿದ್ದೇನೆ ಅನಿಸುತ್ತಿತ್ತು. ಹೊತ್ತಿನ ಲೆಕ್ಕ ಉಳಿಯುತ್ತಿರಲಿಲ್ಲ.

ಒಂದು ಭಾನುವಾರ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆವು. ಹೆಂಗಸೊಬ್ಬಳು ಹಾಡುತ್ತಿದ್ದಳು. ನಾನು ಅದನ್ನು ಹಚ್ಚಿದ್ದು ಹುಡುಕಲಿಕ್ಕಲ್ಲ, ಸುಮ್ಮನೆ. ಅತ್ತೆ ಕೈ ಎತ್ತಿದರು.

"ತಡಿ."

ಕೊನೆಯವರೆಗೂ ಕೇಳಿದರು. "ಇದ ಆ ಹಾಡು. ಇದಕ್ಕ ಮಾತೂ ಅದಾವೇನು? ಏನಂತಾಳ ಆಕಿ?"

"ಯಾರೋ ಬಿಟ್ಟು ಹೋಗ್ಯಾರಂತ, ದಾರಿ ಕಾಯ್ಕೋತ ಕುಂತಾಳಂತ್ರಿ."

ಅತ್ತೆ ತಲೆ ಅಲ್ಲಾಡಿಸಿದರು. "ಅಲ್ಲವಾ. ಅಂವಾ ಊದಿದ್ರಾಗ ಕಾಯೂದು ಇರಲಿಲ್ಲ. 'ಏಳು' ಅಂತಿತ್ತು, ಅಷ್ಟ."

ಅದೇ ಹಾಡನ್ನು ಮಾತಿಲ್ಲದೆ, ಬರೀ ಕ್ಲಾರಿನೆಟ್ಟಿನಲ್ಲಿ ಊದಿದ್ದೊಂದನ್ನು ಹುಡುಕಿ ಹಚ್ಚಿದೆ. ಅತ್ತೆ ಅಳಲಿಲ್ಲ. ಕಣ್ಣು ಮುಚ್ಚಿ, ಅಂಗೈಯಿಂದ ಮೊಣಕಾಲನ್ನು ಮೆಲ್ಲಗೆ ಬಡಿಯುತ್ತ ಕುಳಿತರು. ಮಡಿಲಲ್ಲಿ ಸೊಪ್ಪು ಹಾಗೇ ಇತ್ತು.

ಆವತ್ತು ಮಧ್ಯಾಹ್ನ ಊಟಕ್ಕೆ ಕುಳಿತಾಗ ತಾವಾಗಿಯೇ ಮಗನಿಗೆ ಹೇಳಿದರು: "ನಿನ್ನಕಿಂತ ಮೊದಲ ಒಂದು ಇತ್ತು. ಉಳೀಲಿಲ್ಲ."

ಐವತ್ತು ಸಮೀಪಿಸಿದ ನನ್ನ ಗಂಡ ರೊಟ್ಟಿಯ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕುಳಿತರು. "ಇಷ್ಟ್ ವರ್ಷ ಯಾಕ ಹೇಳಲಿಲ್ಲವ್ವಾ?"

"ಯಾವಾಗ ಹೇಳಬೇಕಿತ್ತು? ದಿನಾ ಲೋಕಲ್ ಹಿಡೀಲಿಕ್ಕೆ ಓಡತಿದ್ದಿ."

ಮೂವರೂ ನಕ್ಕೆವು. ಗಂಡ ಎಡಗೈಯಿಂದ ಅವ್ವನ ಭುಜ ಹಿಡಿದುಕೊಂಡೇ ಊಟ ಮುಗಿಸಿದರು.

ಕಳೆದ ವಾರ ಅತ್ತೆ ಗೋಧಿ ಹುಗ್ಗಿಗೆ ಇಟ್ಟು ನನ್ನನ್ನು ಕರೆದರು. "ಇದಕ್ಕ ಏನ್ ಹಚ್ಚತಿ? ಬೆಲ್ಲ ಕರಗಬೇಕು, ಅವಸರದ್ದು ಬ್ಯಾಡ." ಉದ್ದನೆಯ ಪಿಯಾನೋ ಒಂದನ್ನು ಹಚ್ಚಿದೆ. ಕಿಟಕಿಯ ಗಾಜಿಗೆ ಹಬೆ ಕಟ್ಟಿತು, ಎದುರಿನ ಬಿಲ್ಡಿಂಗು ಮಸುಕಾಯಿತು. ನಾವಿಬ್ಬರೂ ನೆಲದ ಮೇಲೆ ಕಾಲು ಚಾಚಿ, ಗೋಡೆಗೆ ಒರಗಿ, ಹುಗ್ಗಿ ಕುದಿಯುವ ಸದ್ದು ಕೇಳುತ್ತ ಕುಳಿತೆವು.