ಹಳ್ಳದ ನಲವತ್ತಾರು ಮಂದಿ

ಓಬಳೆಪ್ಪ ಮರಳಿ ಎಂಬ ಊರಿನ ಆಚೆಗಿದ್ದ ಒಂದು ಸಣ್ಣ ಕ್ರೈಸ್ತರ ಕೇರಿಯ ಉಪದೇಶಿ. ಭಾನುವಾರ ಪ್ರಾರ್ಥನೆ ನಡೆಸುತ್ತಿದ್ದ, ಉಳಿದ ದಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ. ೧೯೮೩ರಲ್ಲಿ ಚರ್ಚಿನ ಸಭೆಯವರು ಅವನನ್ನು ಎರಡು ತಿಂಗಳ ಓದಿಗೆಂದು ಬೆಂಗಳೂರಿಗೆ ಕಳಿಸಿದರು. ಅಣೆಕಟ್ಟೋ ಕಾರ್ಖಾನೆಯೋ ಬರುವ ಮುಂಚೆ ಅದರಿಂದ ನೀರಿಗೆ, ಮಣ್ಣಿಗೆ, ಜೀವಿಗಳಿಗೆ ಏನು ಕೇಡಾದೀತೆಂದು ಅಳೆದು ಬರೆಯುವ ವಿದ್ಯೆ ಅದು. ಸೃಷ್ಟಿ ದೇವರದು, ಮನುಷ್ಯ ಅದಕ್ಕೆ ಒಡೆಯನಲ್ಲ, ಕಾವಲುಗಾರ ಎಂದು ಅಲ್ಲಿನ ಗುರುಗಳು ಹೇಳಿಕೊಟ್ಟರು. ಅಲ್ಲಿಯವರೆಗೆ ದೇವರೆಂದರೆ ಪಾಪ ಎಣಿಸುವವನು ಎಂದುಕೊಂಡಿದ್ದ ಓಬಳೆಪ್ಪನಿಗೆ, ಅವನು ಕಪ್ಪೆಗಳನ್ನೂ ಎಣಿಸುತ್ತಾನೆಂದು ಮೊದಲ ಸಲ ಅನಿಸಿತು.

ಮರುವರ್ಷ ಕೇರಿಯ ಹತ್ತಿರವೇ ರಟ್ಟಿನ ಕಾರ್ಖಾನೆ ಎದ್ದಿತು. ಭತ್ತದ ಹುಲ್ಲನ್ನು ಸುಣ್ಣದಲ್ಲಿ ಬೇಯಿಸಿ ರಟ್ಟು ಮಾಡುವುದು. ಆ ಹೊಲಸು ನೀರನ್ನು ಎಲ್ಲಿಗೆ ಬಿಡಬೇಕು? ಕಾಲುವೆಗೆ, ಊರ ಕೆರೆಗೆ, ಇಲ್ಲವೆ ಕೇರಿಯ ಬದಿಯ ಹಳ್ಳಕ್ಕೆ. ಪರವಾನಗಿ ಕೊಡುವ ಸರ್ಕಾರಿ ಕಚೇರಿಯವರು ಒಂದು ವರದಿ ಕೇಳಿದರು. ಸಭೆಯ ಹಿರಿಯ ಪಾದ್ರಿ ಅಯ್ಯನವರು ಓಬಳೆಪ್ಪನ ಹೆಸರು ಹೇಳಿದರು.

ಎರಡು ತಿಂಗಳು ಅವನು ಸೀಸೆಗಳಲ್ಲಿ ನೀರು ಹಿಡಿದ, ಮೀನು, ಕೊಕ್ಕರೆ ಎಣಿಸಿದ, ಯಾವ ನೀರನ್ನು ಎಷ್ಟು ಮಂದಿ ಕುಡಿಯುತ್ತಾರೆಂದು ಮನೆಮನೆಗೆ ಹೋಗಿ ಕೇಳಿದ. ಕಾಲುವೆಗೆ ಎರಡು ಸಾವಿರ, ಕೆರೆಗೆ ಆರುನೂರು, ಹಳ್ಳಕ್ಕೆ ಅವನ ಕೇರಿಯ ನಲವತ್ತಾರು ಮಂದಿ.

ಅವನ ತಾಯಿ ದುರುಗವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು. "ನಲವತ್ತಾರು ಅಂತ ಬರೀತೀ? ಮುನ್ನೂರು ಅಂತ ಬರಿ ಮಗನ. ಯಾರು ಬಂದು ಎಣಸ್ತಾರ?"

"ದೇವರ ಕೆಲಸಾನ ಸುಳ್ಳು ಹೇಳಿ ಮಾಡಬೇಕೇನವ್ವ?"

"ನಾವು ಎಷ್ಟು ಮಂದಿ ಅದೀವಿ ಅನ್ನೂದು ದೇವರಿಗೆ ಗೊತ್ತೈತಿ. ಕಚೇರಿಯವರಿಗೆ ಗೊತ್ತಿಲ್ಲ ನೋಡು."

ಓಬಳೆಪ್ಪ ನಲವತ್ತಾರು ಎಂದೇ ಬರೆದ. ಕೊನೆಯಲ್ಲಿ ಎರಡು ಪುಟ ಸೇರಿಸಿದ: ನೀರನ್ನು ಶುದ್ಧ ಮಾಡುವವರೆಗೆ ಮೂರರಲ್ಲಿ ಯಾವುದಕ್ಕೂ ಬಿಡಬಾರದು, ಒಬ್ಬನೇ ಕುಡಿದರೂ ಬಿಡಬಾರದು.

ಕಚೇರಿಯಲ್ಲಿ ಆ ಎರಡು ಪುಟ ಕಿತ್ತು, ಅವನ ಸಹಿಯಿದ್ದ ಅಂಕಿಯ ಪಟ್ಟಿಯನ್ನಷ್ಟೇ ಇಟ್ಟುಕೊಂಡರು. ನೀರು ಹಳ್ಳಕ್ಕೆ ಬಂತು.

ಅವನು ಕಚೇರಿಗೆ ಓಡಿಹೋಗಿ ಕೇಳಿದ. ಗುಮಾಸ್ತ ಕಾಗದ ತಿರುಗಿಸಿ ತೋರಿಸಿದ. "ಸಹಿ ನಿಮ್ದ ಐತೆಲ್ರಿ. ಕಡಿಮಿ ಮಂದಿ, ಕಡಿಮಿ ನಷ್ಟ. ಭಾಳ ಛಲೋ ಬರದೀರಿ."

ಅಯ್ಯನವರು ಮುಖ ತಪ್ಪಿಸಿದರು. ಪ್ರಾರ್ಥನಾ ಮಂದಿರಕ್ಕೆ ಕಾರ್ಖಾನೆಯವರು ತಗಡಿನ ಮಾಡು ಹಾಕಿಸಿಕೊಟ್ಟಿದ್ದರು.

ಆರು ತಿಂಗಳಲ್ಲಿ ಹಳ್ಳ ಚಹಾದ ಬಣ್ಣಕ್ಕೆ ತಿರುಗಿತು. ಉಸುಕು ತೋಡಿ ತೆಗೆದ ಒರತೆಯೂ ನಾರಿತು. ಎಮ್ಮೆಗಳು ದಿನ ತುಂಬುವ ಮುಂಚೆಯೇ ಕಂದು ಹಾಕಿದವು. ಹೆಂಗಸರ ಕಾಲ ಬೆರಳ ಸಂದಿಗಳು ಹುಣ್ಣಾದವು. ಪಕ್ಕದ ಮನೆಯ ಶೇಖರಮ್ಮ ಎರಡು ವರ್ಷದ ಮಗಳನ್ನು ಭೇದಿಯಲ್ಲಿ ಕಳೆದುಕೊಂಡಳು. ಮಣ್ಣು ಮಾಡುವಾಗ ಓಬಳೆಪ್ಪ ಪ್ರಾರ್ಥನೆಗೆ ನಿಂತ. ಅವಳು ಅಳದೆ ಹೇಳಿದಳು: "ನೀ ಬಾಯಿ ತೆಗಿಬ್ಯಾಡ. ನನ್ನ ಕೂಸನ್ನ ಎಣಿಸಿಕೊಂಡು ಹೋಗಿದ್ದಿ. ಸಾಕು."

ಅಂದಿನಿಂದ ಅವನ ಪ್ರಾರ್ಥನೆಗೆ ಯಾರೂ ಬರಲಿಲ್ಲ. ಮಕ್ಕಳನ್ನೂ ಕಳಿಸಲಿಲ್ಲ. ಸಭೆಯವರು ಅವನನ್ನು ಕೆಲಸದಿಂದ ತೆಗೆದರು.

೧೯೮೬ರ ಬೇಸಿಗೆಯಲ್ಲಿ ದುರುಗವ್ವನ ಕಾಲಿನ ಹುಣ್ಣು ಮೊಣಕಾಲಿಗೇರಿತು. ಹದಿನೇಳು ದಿನ ಜ್ವರದಲ್ಲಿ ನರಳಿ ಸತ್ತಳು. ಒಮ್ಮೆಯೂ ಮಗನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಕೇರಿಯವರು ಬಾಗಿಲು ಮುಚ್ಚಿಕೊಂಡು ಒಳಗೇ ಕುಳಿತರು. ಹೊರಲು ನಾಲ್ಕು ಹೆಗಲು ಸಿಗಲಿಲ್ಲ. ಕಾರ್ಖಾನೆಗೆ ಹುಲ್ಲು ತರುವ ಬಂಡಿಯ ಜಿಲಾನಿ ಎಂಬಾತ ಎತ್ತು ನಿಲ್ಲಿಸಿ, "ತಾಯಿನ್ನ ಮ್ಯಾಲ ಇಡ್ರಿ" ಎಂದ. ಹುಲ್ಲಿನ ಮೇಲೆಯೇ ಅವಳು ಹೋದಳು.

ಮರುವಾರ ಓಬಳೆಪ್ಪ ಅದೇ ಕಾರ್ಖಾನೆಯ ಗೇಟಿಗೆ ಹೋಗಿ ನಿಂತ. ಬೇರೆಲ್ಲೂ ಅವನನ್ನು ಕೆಲಸಕ್ಕೆ ಕರೆಯುತ್ತಿರಲಿಲ್ಲ. ಮೇಸ್ತ್ರಿ ಅವನನ್ನು ಗುರುತು ಹಿಡಿದು ನಕ್ಕ, ಹಳ್ಳಕ್ಕೆ ನೀರು ಬಿಡುವ ಸುಣ್ಣದ ಹೊಂಡದ ಕೆಲಸಕ್ಕೆ ಹಚ್ಚಿದ.